ಅಲುಗಾಡದ ಪಲ್ಲಕ್ಕಿ

ಎಲ್ಲ ಅನಾಹುತಕ್ಕೂ ಮೂಲ ಇನ್‌ಚಾರ್ಜ್ ಮೇಷ್ಟರ ದವಡೆಹಲ್ಲು. ಹಿಂದಿನ ದಿನ ಸಂಜೆ ಅದು ನೋಯದೆ ಇದ್ದಿದ್ದರೆ ಅವರು ಎಂದಿನಂತೆ ಸಿಬ್ಬಂದಿಯನ್ನೆಲ್ಲ ನಿಲ್ಲಿಸಿಕೊಂಡು ಮುಕ್ಕಾಲು ಗಂಟೆ ಕೊರೆಯುತ್ತಿದ್ದರು. ಯಾಕೆ, ಏನು, ಹೇಗೆ ಎಂದು ಎಳೆಎಳೆಯಾಗಿ ಬಿಡಿಸಿ ಹೇಳುತ್ತಿದ್ದರು. ಆದರೆ ಕೆನ್ನೆ ಊದಿ ಬಾಯಿ ತೆರೆಯುವುದೇ ಕಷ್ಟವಾಗಿದ್ದರಿಂದ, "ನಾಳೆ ಎಂಜಿನಿಯರ್ ಸಾಹೇಬ್ರು ಕಟ್ಟಡ ನೋಡೋಕೆ ಬರ್ತಾರೆ" ಎಂದಷ್ಟೇ ಹೇಳಿ, ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಮನೆಗೆ ನಡೆದುಬಿಟ್ಟರು. ಜೀವಮಾನದಲ್ಲಿ ಅವರು ಚುಟುಕಾಗಿ ಮಾತಾಡಿದ್ದು ಅದೊಂದೇ ಸಲ.

ಅದೊಂದು ಸರ್ಕಾರಿ ಕಸುಬು ಶಾಲೆ. ಪ್ರಿನ್ಸಿಪಾಲರು ನಿವೃತ್ತರಾಗಿ ವರ್ಷಗಳೇ ಕಳೆದಿದ್ದರೂ ಮೇಲಿನವರು ಆ ಕುರ್ಚಿಗೆ ಯಾರನ್ನೂ ಕಳಿಸಿರಲಿಲ್ಲ. ಗಣಿತ ಹೇಳಿಕೊಡುತ್ತಿದ್ದ ಈ ಬಡಪಾಯಿಯನ್ನು "ಸದ್ಯಕ್ಕೆ ನೋಡ್ಕೊಳ್ಳಿ" ಎಂದು ಕೂರಿಸಿದ್ದರು. ಆ ಸದ್ಯ ಇನ್ನೂ ಮುಗಿದಿರಲಿಲ್ಲ. ಸಂಬಳ ಹೆಚ್ಚಲಿಲ್ಲ, ಹೆಸರು ಮಾತ್ರ ಇನ್‌ಚಾರ್ಜ್ ಮೇಷ್ಟರು ಎಂದಾಯಿತು. ಮನೆಯಲ್ಲಿ ಹೆಂಡತಿಯೂ ಕೋಪ ಬಂದಾಗ ಹಾಗೇ ಕರೆಯುತ್ತಿದ್ದಳು.

ಶಾಲೆಯ ಕೆಳ ಅಂತಸ್ತಿನಲ್ಲಿ ಗಾರೆ, ಮರಗೆಲಸ, ಬೆಸುಗೆ, ನಲ್ಲಿ ರಿಪೇರಿ. ಮಹಡಿಯಲ್ಲಿ ಹೊಲಿಗೆ. ಹೊಲಿಗೆ ಕಲಿಯಲು ಬರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಜನ ನಡೆಯಲಾರದವರು. ನಡೆಯಲಾರದವರನ್ನು ಹುಡುಕಿ ಹುಡುಕಿ ಮಹಡಿಯ ಮೇಲೆ ಇಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಕೆಳಗಿಳಿಸೋಣವೆಂದರೆ ಬೆಸುಗೆಯ ಕಿಡಿ, ಗರಗಸದ ಧೂಳು, ಜೊತೆಗೆ ಕಾಲಿಡಲು ಜಾಗವಿಲ್ಲ. ಹೀಗಾಗಿ ಕುರ್ಚಿಯೊಂದಕ್ಕೆ ಎರಡು ಕೋಲು ಕಟ್ಟಿ, ಗಾರೆ ವಿಭಾಗದ ನಾಲ್ವರು ಗಟ್ಟಿಮುಟ್ಟು ತರುಣರು ದಿನಾ ಬೆಳಿಗ್ಗೆ ಒಬ್ಬೊಬ್ಬರನ್ನೇ ಮೇಲಕ್ಕೆ ಹೊತ್ತು, ಸಂಜೆ ಇಳಿಸುತ್ತಿದ್ದರು. ಕುರ್ಚಿಗೆ ಪಲ್ಲಕ್ಕಿ ಎಂದೂ ಆ ನಾಲ್ವರಿಗೆ ಕಂಬಗಳು ಎಂದೂ ಶಾಲೆಯಲ್ಲಿ ಅಡ್ಡಹೆಸರು.

ಹಾಗೆ ಹೊತ್ತೊಯ್ಯಲ್ಪಡುತ್ತಿದ್ದವರಲ್ಲಿ ಇನ್‌ಚಾರ್ಜ್ ಮೇಷ್ಟರ ಅಣ್ಣನ ಮಗಳೂ ಒಬ್ಬಳು. ಕತ್ತರಿ ಹಿಡಿದರೆ ಬಟ್ಟೆ ತಾನಾಗಿಯೇ ಅಂಗಿಯಾಗುತ್ತದೇನೋ ಅನ್ನಿಸುವಂಥ ಕೈ ಅವಳದು. ನಾಲಿಗೆ ಕತ್ತರಿಗಿಂತ ಹರಿತ. ಹೋದ ವಾರ ಊಟಕ್ಕೆ ಕೂತಾಗ ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಚಿಕ್ಕಪ್ಪಾ, ಈ ತಿಂಗಳು ಮುಗಿದ ಮೇಲೆ ನಾನು ಬರಲ್ಲ. ನಾಲ್ಕು ಜನ ಹೊತ್ಕೊಂಡು ಹೋಗೋದನ್ನ ಬೀದಿಯೋರೆಲ್ಲ ನಿಂತು ನೋಡ್ತಾರೆ. ನನ್ನ ಗಾಲಿಕುರ್ಚೀಲಿ ನಾನೇ ಹತ್ಕೊಂಡು ಹೋಗೋ ಹಾಗಿದ್ರೆ ಹೇಳಿ, ಬರ್ತೀನಿ. ಇಲ್ಲಾಂದ್ರೆ ಮನೇಲೇ ಕೂತಿರ್ತೀನಿ."

ಮನೆಯಲ್ಲಿ ಕೂತರೆ ಆ ಕೈ ಹಾಳಾಗುತ್ತದೆಂದು ಇನ್‌ಚಾರ್ಜ್ ಮೇಷ್ಟರಿಗೆ ಗೊತ್ತಿತ್ತು. ಅವಳು ಬಿಟ್ಟರೆ ಉಳಿದವರೂ ಬಿಡುತ್ತಾರೆ, ವಿಭಾಗ ಮುಚ್ಚುತ್ತದೆ. ಅದಕ್ಕೇ ಅವರು ಗಾಲಿಕುರ್ಚಿ ತಾನೇ ಏರುವಂಥ ಇಳಿಜಾರು ದಾರಿ, ಅಂದರೆ ರ್‍ಯಾಂಪು, ಕಟ್ಟಿಸಿಕೊಡಿ ಎಂದು ಅರ್ಜಿ ಹಾಕಿ ಹಾಕಿ ಸುಸ್ತಾಗಿದ್ದರು. ಕೊನೆಗೂ ಈ ವರ್ಷ ಇಲಾಖೆ ಕಣ್ಣುಬಿಟ್ಟಿತ್ತು. ಎಂಜಿನಿಯರ್ ಸಾಹೇಬರು ಒಂದೊಂದೇ ಶಾಲೆ ನೋಡುತ್ತಾ ಬಂದು, ಕೊನೆಗೆ ಇಲ್ಲಿ ನೋಡಿ, ಹಣ ಯಾರಿಗೆಂದು ಅಲ್ಲಿಯೇ ಹೇಳಿಬಿಡುವವರಿದ್ದರು. ಇನ್‌ಚಾರ್ಜ್ ಮೇಷ್ಟರಿಗೆ ತಮ್ಮ ಕಟ್ಟಡದ ಮೇಲೆ ಅಪಾರ ಭರವಸೆ. ಅಷ್ಟು ಹಾಳಾದ ಮೆಟ್ಟಿಲು, ಅಷ್ಟು ದೊಡ್ಡ ಬಿರುಕು ಇನ್ನೊಂದು ಶಾಲೆಯಲ್ಲಿ ಇರಲು ಸಾಧ್ಯವೇ ಇರಲಿಲ್ಲ.

ಬೆಳಿಗ್ಗೆ ಹಲ್ಲುನೋವು ಇಳಿದಿತ್ತು. ಆಟೋದಿಂದ ಅಣ್ಣನ ಮಗಳನ್ನು ಇಳಿಸಿ, ಗಾಲಿಕುರ್ಚಿ ತಳ್ಳಿಕೊಂಡು ಒಳಗೆ ಕಾಲಿಟ್ಟ ಇನ್‌ಚಾರ್ಜ್ ಮೇಷ್ಟರು ಅಲ್ಲೇ ನಿಂತರು. ಬೇರೆ ಯಾವುದೋ ಕಟ್ಟಡಕ್ಕೆ ಬಂದೆನೇ ಎಂದು ಹೊರಗೆ ಹೋಗಿ ಬೋರ್ಡು ಓದಿ ಬಂದರು.

ಅಂಚು ಮುರಿದು ಹಲ್ಲುದುರಿದ ಮುದುಕಿಯ ಬಾಯಂತಿದ್ದ ಮೆಟ್ಟಿಲುಗಳು ನೆಟ್ಟಗೆ ನುಣ್ಣಗೆ ಹೊಳೆಯುತ್ತಿದ್ದವು. ಮುಟ್ಟಿದರೆ ಕೈಗೇ ಬರುತ್ತಿದ್ದ ಕಟಕಟೆ ಬಂಡೆಯಂತೆ ಗಟ್ಟಿಯಾಗಿತ್ತು. ಗೋಡೆಗೆ ಬಿಳಿ ಬಣ್ಣ. ನಲ್ಲಿ ಒಂದೂ ಸೋರುತ್ತಿರಲಿಲ್ಲ.

"ನನ್ನ ಬಿರುಕೆಲ್ರೀ?" ಎಂದು ಇನ್‌ಚಾರ್ಜ್ ಮೇಷ್ಟರು ಕಿರುಚಿದರು.

ಗಾರೆ ಮೇಷ್ಟರು ಕರಣೆ ಒರೆಸಿಕೊಳ್ಳುತ್ತಾ ಬಂದರು. ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣು ಕೆಂಪಗಿದ್ದರೂ ಮುಖದಲ್ಲಿ ಗೆದ್ದ ಕಳೆ. "ಯಾವ ಬಿರುಕು ಸಾರ್? ಈ ಗೋಡೇದಾ? ಮುಚ್ಬಿಟ್ವಿ! ಈಗ ಎಲ್ಲಿತ್ತು ಅಂತ ನೀವೇ ತೋರಿಸಿ, ನೋಡೋಣ!"

ಇನ್‌ಚಾರ್ಜ್ ಮೇಷ್ಟರು ಗೋಡೆಯನ್ನು ಎರಡೂ ಕೈಯಿಂದ ಸವರಿದರು. ಎಷ್ಟು ವರ್ಷದಿಂದ ಕಾಪಾಡಿಕೊಂಡು ಬಂದ ಬಿರುಕು! ಯಾರೇ ಅಧಿಕಾರಿ ಬರಲಿ, ಮೊದಲು ಕರೆದುಕೊಂಡು ಹೋಗಿ ಅದರೊಳಗೆ ಕೈ ತೂರಿಸಿ ತೋರಿಸುತ್ತಿದ್ದರು.

"ಅಯ್ಯೋ ನನ್ನ ಕರ್ಮವೇ! ಯಾರ್ರೀ ಮುಚ್ಚು ಅಂದಿದ್ದು ನಿಮಗೆ?"

"ಇದೇನ್ಸಾರ್ ಹೀಗಂತೀರಿ? ಬೀಗರು ಬರ್ತಾರೆ ಅಂದ್ರೆ ಮನೆ ಗುಡಿಸಿ ಸಾರಿಸಲ್ವಾ? ಸಾಹೇಬ್ರು ಬರ್ತಾರೆ ಅಂದ್ರಿ. ಕಸುಬು ಕಲಿಸೋ ಶಾಲೆ ಮುರ್ಕಲಾಗಿದ್ರೆ ನಾಚಿಕೆ ನಮಗಲ್ವಾ?"

ಇನ್‌ಚಾರ್ಜ್ ಮೇಷ್ಟರು ತಲೆ ಚಚ್ಚಿಕೊಂಡು ವಿಷಯ ವಿವರಿಸಿದರು. ಹಾಳಾಗಿದ್ದರೆ ತಾನೇ ಹಣ ಬರೋದು! ಕೇಳಿದ ಗಾರೆ ಮೇಷ್ಟರ ಮುಖ ಚಿಕ್ಕದಾಯಿತು. ಆದರೂ "ಹಾಗಾದ್ರೆ ಈಗ ಒಂದೆರಡು ಮೆಟ್ಟಿಲು ಒಡೆದುಬಿಡಿ" ಎಂದಾಗ ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ನನ್ನ ಕೈಯಾರೆ? ಸಾರ್, ಬೇಕಾದ್ರೆ ನನ್ನ ಸಸ್ಪೆಂಡ್ ಮಾಡಿ. ಇಷ್ಟು ಮಟ್ಟವಾಗಿ ನಾನು ನನ್ನ ಸ್ವಂತ ಮನೆ ಮೆಟ್ಲೂ ಕಟ್ಟಿಲ್ಲ. ಒಡೆಯೋಕೆ ನನ್ನಿಂದಾಗಲ್ಲ."

ಇನ್ನು ಅರ್ಧ ಗಂಟೆಯಲ್ಲಿ ಜೀಪು ಬರುತ್ತದೆ. ಇನ್‌ಚಾರ್ಜ್ ಮೇಷ್ಟರು ಮರಗೆಲಸದ ಕೋಣೆಗೆ ಓಡಿ, ಕೈಗೆ ಸಿಕ್ಕ ಸುತ್ತಿಗೆ ಎತ್ತಿಕೊಂಡು ಬಂದು, ಮೊದಲ ಮೆಟ್ಟಿಲಿನ ಅಂಚಿಗೆ ಶಕ್ತಿಯೆಲ್ಲ ಬಿಟ್ಟು ಬಡಿದರು. ಟಣ್ ಎಂದಿತು. ಮೆಟ್ಟಿಲಿಗೆ ಗೀರೂ ಬೀಳಲಿಲ್ಲ. ಮತ್ತೊಂದು ಏಟಿಗೆ ಸುತ್ತಿಗೆಯ ತಲೆ ಕಳಚಿ ಹಾರಿಹೋಗಿ ಪಕ್ಕದಲ್ಲಿದ್ದ ಸುಣ್ಣದ ಬಕೆಟ್ಟಿಗೆ ಬಿತ್ತು. ಸುಣ್ಣವೆಲ್ಲ ಎಗರಿ ಇನ್‌ಚಾರ್ಜ್ ಮೇಷ್ಟರ ಮೇಲೆ ಕೂತಿತು.

"ಬೇಗ ಬಿಗಿಯೋ ಸಿಮೆಂಟು ಸಾರ್" ಎಂದು ಗಾರೆ ಮೇಷ್ಟರು ಮರುಕದಿಂದ ಹೇಳಿದರು. "ಆನೆ ನಡೆದ್ರೂ ಏನೂ ಆಗಲ್ಲ."

ಗಾಲಿಕುರ್ಚಿಯಲ್ಲಿ ಕೂತಿದ್ದ ಅಣ್ಣನ ಮಗಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗು ತಡೆದಳು. "ಚಿಕ್ಕಪ್ಪಾ, ಹೋಗಲಿ ಬಿಡಿ. ಮೆಟ್ಲು ಎಷ್ಟು ಚೆನ್ನಾಗಿದ್ರೂ ಮೆಟ್ಲೇ ತಾನೇ? ನಾನಂತೂ ಹತ್ತೋಕಾಗಲ್ವಲ್ಲ. ಪಲ್ಲಕ್ಕೀಲಿ ನಮ್ಮನ್ನ ಹೊರೋದನ್ನ ಸಾಹೇಬ್ರಿಗೆ ತೋರಿಸಿ. ಅದು ಕಿರುಗುಟ್ಟೋ ಸದ್ದು ಕೇಳಿದ್ರೇ ಅವರ ಎದೆ ನಡುಗುತ್ತೆ."

ಹೌದಲ್ಲ! ಇನ್‌ಚಾರ್ಜ್ ಮೇಷ್ಟರಿಗೆ ಹೋದ ಜೀವ ಬಂದಂತಾಯಿತು. ಪಲ್ಲಕ್ಕಿಯ ಒಂದು ಕಾಲು ಕುಂಟು, ಕೋಲು ಸೀಳಿತ್ತು, ತಿರುವಿನಲ್ಲಿ ಅದು ವಾಲುವುದನ್ನು ನೋಡಿದರೆ ಕಲ್ಲೂ ಕರಗಬೇಕು. "ಪಲ್ಲಕ್ಕಿ ತರಿಸ್ರೋ!" ಎಂದು ಕೂಗಿದರು.

ಮರಗೆಲಸದ ಮೇಷ್ಟರು ಅದನ್ನು ತಾವೇ ಮುಂದೆ ನಿಂತು ಮಹಡಿಯಿಂದ ತರಿಸಿದರು; ಉಳಿದ ಹುಡುಗಿಯರನ್ನು ಬೆಳಿಗ್ಗೆಯೇ ಅದರಲ್ಲಿ ಮೇಲೆ ಹತ್ತಿಸಿಯಾಗಿತ್ತು. ನೋಡಿದ ಇನ್‌ಚಾರ್ಜ್ ಮೇಷ್ಟರು ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. ಮೆತ್ತನೆಯ ಆಸನ, ಒರಗಲು ದಿಂಬು, ಸೊಂಟಕ್ಕೆ ಪಟ್ಟಿ, ಮೆರುಗೆಣ್ಣೆ ಹಚ್ಚಿದ ಕೋಲು.

"ರಾತ್ರಿ ಕೂತು ಮಾಡಿದ್ದು ಸಾರ್. ಕುರ್ಚೀನ ಕೋಲಿಗೆ ಬಿಗಿದಿಲ್ಲ, ಉಯ್ಯಾಲೆ ಥರ ತೂಗುಹಾಕಿದೀನಿ. ಹೊರೋರು ಎಷ್ಟೇ ವಾಲಲಿ, ಕೂತೋರು ನೆಟ್ಟಗೇ ಇರ್ತಾರೆ!" ಎಂದು ಅವರು ಆಸನದ ಮೇಲೆ ತುಂಬಿದ ನೀರಿನ ಲೋಟ ಇಟ್ಟು, ಕೋಲನ್ನು ಮೇಲೆ ಕೆಳಗೆ ಎತ್ತಿ ಇಳಿಸಿ ತೋರಿಸಿದರು. ಒಂದು ಹನಿಯೂ ಚೆಲ್ಲಲಿಲ್ಲ.

"ಹಳೇದೆಲ್ರೀ? ಹಳೇದು ತನ್ನಿ!"

"ಅದನ್ನ ಬಿಚ್ಚಿ ತಾನೇ ಸಾರ್ ಇದನ್ನ ಮಾಡಿದ್ದು. ಬೇರೆ ಮರ ಎಲ್ಲಿದೆ ನಮ್ಮ ಹತ್ರ?"

ಇನ್‌ಚಾರ್ಜ್ ಮೇಷ್ಟರು ಏನಾದರೂ ಹೇಳುವ ಮೊದಲೇ ಗೇಟಿನ ಹತ್ತಿರ ಜೀಪಿನ ಹಾರ್ನು ಕೇಳಿಸಿತು. ಬಟ್ಟೆಗೆ ಮೆತ್ತಿದ ಸುಣ್ಣವನ್ನು ಕೊಡವಿಕೊಳ್ಳುತ್ತಾ ಅವರು ಹೊರಗೆ ಓಡಿದರು.

ಜೀಪಿನ ಬಾಗಿಲು ತೆರೆಯಿತು. ಮೊದಲು ಹೊರಗೆ ಬಂದದ್ದು ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದ ಒಂದು ಕಾಲು. ಅದರ ಹಿಂದೆ ಎರಡು ಊರುಗೋಲು. ಕೊನೆಗೆ, ಮುಖ ಸಿಂಡರಿಸಿಕೊಂಡ ಎಂಜಿನಿಯರ್ ಸಾಹೇಬರು.

"ಬಚ್ಚಲಲ್ಲಿ ಜಾರಿದೆ ಕಣ್ರೀ" ಎಂದರು ಸಾಹೇಬರು. "ರಜ ಹಾಕೋಣ ಅಂದ್ರೆ ಇವತ್ತೇ ತೀರ್ಮಾನ ಹೇಳ್ಬೇಕು. ಎಲ್ಲಾ ಕಡೆ ಕೆಳಗಡೆಯಿಂದಲೇ ನೋಡ್ಕೊಂಡು ಬಂದೆ. ನಿಮ್ಮದು ಮಹಡಿ ಮೇಲಿದೆಯಂತೆ, ಹತ್ತೋದು ಹೇಗೆ?"

ಇನ್‌ಚಾರ್ಜ್ ಮೇಷ್ಟರಿಗೆ ಕುಣಿದಾಡಬೇಕೆನ್ನಿಸಿತು. ಮೆಟ್ಟಿಲ ಕೆಳಗೆ ನಿಂತು ಮೇಲೆ ನೋಡುವ ಸಂಕಟ ಸಾಹೇಬರಿಗೆ ತಾನಾಗಿಯೇ ಬಂದಿದೆ! ಇನ್ನು ಬಾಯಿಬಿಟ್ಟು ಹೇಳುವುದೇ ಬೇಡ. ಪಾಪ, ನೋವಿನಲ್ಲಿರುವವರನ್ನು ಕಂಡು ಹಿಗ್ಗಬಾರದೆಂದು ಅವರು ಮುಖವನ್ನು ಆದಷ್ಟು ಬಾಡಿಸಿಕೊಂಡರು.

"ಅದೇ ಸಾರ್ ನಮ್ಮ ಕಷ್ಟ! ನಮ್ಮ ಮಕ್ಕಳದ್ದೂ ಇದೇ ಗತಿ. ಹೊತ್ಕೊಂಡೇ ಹೋಗ್ಬೇಕು. ದಾರಿಯುದ್ದಕ್ಕೂ ಜೀವ ಕೈಯಲ್ಲಿ ಹಿಡ್ಕೊಂಡಿರ್ಬೇಕು. ತಾವೂ ಒಂದ್ಸಲ ಅನುಭವಿಸಿ ನೋಡಿ."

ಸಾಹೇಬರನ್ನು ಕೂರಿಸುವ ಹೊತ್ತಿಗೆ ಇನ್‌ಚಾರ್ಜ್ ಮೇಷ್ಟರು ಕಂಬಗಳನ್ನು ಮೂಲೆಗೆ ಎಳೆದೊಯ್ದರು. "ಲೋ, ತಿರುವಿನಲ್ಲಿ ಚೆನ್ನಾಗಿ ಕುಲುಕಿಸಬೇಕು. ಬೀಳಿಸ್ಬೇಡಿ. ಬಿದ್ದೇಬಿಟ್ಟೆ ಅನ್ನೋ ಹಾಗಾಗ್ಬೇಕು, ತಿಳೀತಾ?"

ನಾಲ್ವರೂ ಮುಖ ಮುಖ ನೋಡಿಕೊಂಡರು. ದೊಡ್ಡ ಕಂಬ ತಲೆ ಕೆರೆದುಕೊಂಡಿತು. "ಸಾರ್, ದಿನಾ ರಸಮಟ್ಟ ಇಟ್ಟು ಗೋಡೆ ಕಟ್ಟೋರು ನಾವು. ಸೊಟ್ಟ ಹಿಡಿ ಅಂದ್ರೆ ಕೈ ಕೇಳಲ್ಲ. ಕೈಲಿರೋದು ಮನುಷ್ಯರು ಬೇರೆ."

"ಥೂ ನಿಮ್ಮ! ಸರಿ, ಹಿಂದಿನ ಕೋಲು ನಾನೇ ಹಿಡೀತೀನಿ."

ಮೆರವಣಿಗೆ ಹೊರಟಿತು. ಮುಂದೆ ಎರಡು ಕಂಬ, ಹಿಂದೆ ಒಂದು ಕಂಬ, ಅದರ ಪಕ್ಕದಲ್ಲಿ ಮೈಯೆಲ್ಲ ಸುಣ್ಣವಾದ ಇನ್‌ಚಾರ್ಜ್ ಮೇಷ್ಟರು. ಹೊರಡುವಾಗಲೇ ಹೊಲಿಗೆ ಮೇಡಂ ಸಾಹೇಬರ ಕೈಗೆ ಟೀ ಕಪ್ಪು ಕೊಟ್ಟುಬಿಟ್ಟಿದ್ದರು. ಅಲ್ಲಲ್ಲಿ ನಿಂತ ಮೇಷ್ಟರುಗಳೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಕೆಳಗೆ ಗಾಲಿಕುರ್ಚಿಯಲ್ಲಿದ್ದ ಅಣ್ಣನ ಮಗಳು ಮಾತ್ರ, "ಚಿಕ್ಕಪ್ಪಾ, ನಿಮಗೆ ಅಭ್ಯಾಸ ಇಲ್ಲ, ಬೇಡ" ಎಂದು ಸಣ್ಣಗೆ ಹೇಳಿದಳು. ಅವರು ಕೇಳಿಸಿಕೊಳ್ಳಲಿಲ್ಲ.

ತಿರುವು ಬಂತು. ಇನ್‌ಚಾರ್ಜ್ ಮೇಷ್ಟರು ಹಲ್ಲು ಕಚ್ಚಿಕೊಂಡು ಕೋಲನ್ನು ಬಲಕ್ಕೆ ಜಗ್ಗಿದರು. ಕೋಲು ವಾಲಿತು. ಕುರ್ಚಿ ಇದ್ದ ಹಾಗೇ ಇತ್ತು. ಎಡಕ್ಕೆ ಜಗ್ಗಿದರು. ಸಾಹೇಬರು ಒಂದು ಗುಟುಕು ಟೀ ಕುಡಿದರು. ಇನ್‌ಚಾರ್ಜ್ ಮೇಷ್ಟರಿಗೆ ರೇಗಿಹೋಯಿತು. ಕೋಲನ್ನು ಮೇಲಕ್ಕೆತ್ತಿ ಧಡಕ್ಕನೆ ಕೆಳಗಿಳಿಸಲು ಹೋದರು. ಹೊಸ ಮೆಟ್ಟಿಲು ಕನ್ನಡಿಯಷ್ಟು ನುಣುಪು, ಚಪ್ಪಲಿ ಹಳೆಯದು, ಅದರಡಿಗೆ ಸುಣ್ಣ. ಕೋಲು ಕೈತಪ್ಪಿತು. ದೊಡ್ಡ ಕಂಬ ಎಲ್ಲಿಂದಲೋ ನುಗ್ಗಿ ಬಂದು ಅದಕ್ಕೆ ಹೆಗಲು ಕೊಟ್ಟಿತು. ಇನ್‌ಚಾರ್ಜ್ ಮೇಷ್ಟರಿಗೆ ಮಾತ್ರ ಯಾರೂ ಹೆಗಲು ಕೊಡಲಿಲ್ಲ. ಅವರು ಮೆಟ್ಟಿಲು ಮೆಟ್ಟಿಲನ್ನೂ ಮುಟ್ಟಿ ಮಾತಾಡಿಸಿಕೊಂಡು ಕೆಳಗಿನವರೆಗೂ ಬಂದು ನಿಂತರು, ಅಂದರೆ ಬಿದ್ದರು.

"ಏನೋ ಬಿದ್ದ ಸದ್ದಾಯ್ತಲ್ಲ?" ಎಂದು ಸಾಹೇಬರ ದನಿ ಮೇಲಿನಿಂದ ಕೇಳಿಸಿತು.

"ನಮ್ಮ ಇನ್‌ಚಾರ್ಜ್ ಸಾರ್" ಎಂದು ಕಂಬವೊಂದು ಹೇಳಿತು.

ಪಾದ ನೋಡನೋಡುತ್ತಲೇ ಬೂದುಗುಂಬಳದಂತೆ ಊದಿಕೊಂಡಿತು. ನೆಲಕ್ಕೆ ಊರಲಾಗದು. ಅಣ್ಣನ ಮಗಳು ತನ್ನ ದುಪಟ್ಟಾ ಹರಿದು ಕಟ್ಟಿದಳು. ಮೇಲಿನಿಂದ ಸಾಹೇಬರ ಅಪ್ಪಣೆ ಬಂತು: "ಕುರ್ಚಿ ಕೆಳಗೆ ಕಳಿಸಿ, ಅವರನ್ನೂ ಕರ್ಕೊಂಡು ಬನ್ನಿ. ಅವರ ಮುಂದೇನೇ ತೀರ್ಮಾನ ಹೇಳ್ಬೇಕು." ಮೊದಲು ಅಣ್ಣನ ಮಗಳನ್ನು, ಆಮೇಲೆ ಚಿಕ್ಕಪ್ಪನನ್ನು ಕಂಬಗಳು ಹೊತ್ತುಕೊಂಡು ಹೋದವು. ಪಲ್ಲಕ್ಕಿ ಎಷ್ಟು ಹಾಯಾಗಿತ್ತೆಂದರೆ ಇನ್‌ಚಾರ್ಜ್ ಮೇಷ್ಟರಿಗೆ ಹೊಟ್ಟೆ ಉರಿಯಿತು.

ಮಹಡಿಯಲ್ಲಿ ಸಾಹೇಬರು ಹೊಲಿಗೆ ಯಂತ್ರಗಳ ನಡುವೆ ಬೆಂಚಿನ ಮೇಲೆ ಕೂತಿದ್ದರು. ಮುಖ ಅರಳಿತ್ತು. ಹೊಲಿಗೆ ಮೇಡಂ ಇನ್‌ಚಾರ್ಜ್ ಮೇಷ್ಟರ ಕೈಗೂ ಟೀ ಕೊಟ್ಟರು. ಗಾಬರಿಯಲ್ಲಿ ಅವರು ಅದನ್ನು ಗಟಗಟನೆ ಕುಡಿದು, ಕೊಟ್ಟ ಇನ್ನೊಂದನ್ನೂ ಕುಡಿದರು.

ಸಾಹೇಬರು ಅಣ್ಣನ ಮಗಳ ಕಡೆ ತಿರುಗಿದರು. "ಏನಮ್ಮಾ, ಇದರಲ್ಲಿ ಬರೋದು ಹೇಗಿರುತ್ತೆ?"

ಇನ್‌ಚಾರ್ಜ್ ಮೇಷ್ಟರು ಮನಸ್ಸಿನಲ್ಲೇ ಬೇಡಿಕೊಂಡರು: ಹೇಳು ತಾಯಿ, ಹೇಳು, ಊಟಕ್ಕೆ ಕೂತಾಗ ಹೇಳಿದ್ದನ್ನೆಲ್ಲ ಹೇಳು!

ಅವಳು ಹೇಳಿದಳು. "ನನಗೆ ಇಷ್ಟ ಇಲ್ಲ ಸಾರ್. ಯಾವಾಗ ಬೇಕೋ ಆಗ ಬರೋಕೆ ಹೋಗೋಕೆ ಆಗಲ್ಲ. ಈ ನಾಲ್ಕು ಜನಕ್ಕೆ ಪುರುಸೊತ್ತು ಆದಾಗ ಮಾತ್ರ ನಾನು ಇಳೀಬೇಕು. ರ್‍ಯಾಂಪು ಇದ್ರೆ ಯಾರನ್ನೂ ಕಾಯೋದು ಬೇಡ."

"ಅದಿರ್ಲಿ, ಕುಲುಕುತ್ತಾ?"

"ಕುಲುಕಲ್ಲ ಸಾರ್. ಆದ್ರೆ—"

"ಅಷ್ಟೇ ಬೇಕಾಗಿದ್ದು ನನಗೆ!" ಸಾಹೇಬರು ತೊಡೆ ತಟ್ಟಿಕೊಂಡರು. "ಟೀ ಕಪ್ಪು ಹಿಡ್ಕೊಂಡು ಬಂದೆ ಕಣ್ರೀ, ಒಂದು ಹನಿ ಚೆಲ್ಲಲಿಲ್ಲ! ಇನ್‌ಚಾರ್ಜ್ ಅವ್ರೇ, ನೀವು ಅಲ್ಲಿ ಉರುಳ್ಕೊಂಡು ಹೋದ್ರೂ ನನಗೆ ಗೊತ್ತೇ ಆಗಲಿಲ್ಲ ಅಂದ್ರೆ ನೋಡಿ! ಮೆಟ್ಟಿಲೂ ಹೊಸದಾಗಿದೆ, ಕಟ್ಟಡವೂ ಗಟ್ಟಿಯಾಗಿದೆ. ಇಷ್ಟಕ್ಕೆ ಗೋಡೆ ಒಡೆದು ರ್‍ಯಾಂಪು ಯಾಕ್ರೀ?"

"ಸಾರ್, ಹಾಗಲ್ಲ ಸಾರ್..."

"ನಿಮಗೊಬ್ಬರಿಗೇ ಅಲ್ಲ. ಜಿಲ್ಲೇಲಿ ರ್‍ಯಾಂಪು ಕೇಳಿರೋ ಎಲ್ಲಾ ಶಾಲೆಗೂ ಇಂಥದೊಂದು ಕುರ್ಚಿ ಕೊಟ್ಟುಬಿಡ್ತೀನಿ. ಹಣ ಉಳೀತು. ಎಲ್ಲಾ ಕುರ್ಚೀನೂ ನಿಮ್ಮ ಮರಗೆಲಸದ ವಿಭಾಗವೇ ಮಾಡಿಕೊಡಲಿ. ನಿಮ್ಮ ಶಾಲೆ ಹೆಸರು ಎಲ್ಲಾ ಕಡೆ ಹರಡುತ್ತೆ, ಅಭಿನಂದನೆ!"

ಬಾಗಿಲಲ್ಲಿ ನಿಂತಿದ್ದ ಮರಗೆಲಸದ ಮೇಷ್ಟರು ಸಂತೋಷಪಡಬೇಕೋ ಬೇಡವೋ ತಿಳಿಯದೆ ಒಂದು ಕಣ್ಣಲ್ಲಿ ಸಾಹೇಬರನ್ನೂ ಇನ್ನೊಂದು ಕಣ್ಣಲ್ಲಿ ಇನ್‌ಚಾರ್ಜ್ ಮೇಷ್ಟರನ್ನೂ ನೋಡಿದರು. ಇನ್‌ಚಾರ್ಜ್ ಮೇಷ್ಟರ ಮುಖ ಇಂಗು ತಿಂದ ಮಂಗನಂತಾಗಿತ್ತು. ತಮ್ಮ ರ್‍ಯಾಂಪು ಹೋದದ್ದು ಸಾಲದೆಂದು ಊರಿನವರ ರ್‍ಯಾಂಪುಗಳನ್ನೆಲ್ಲ ಕಳೆದ ಪಾಪ ಅವರ ತಲೆಗೆ ಸುತ್ತಿಕೊಂಡಿತ್ತು.

"ಹೊರೋರು ರಜ ಹಾಕಿದ್ರೆ?" ಎಂದು ಅಣ್ಣನ ಮಗಳು ಬಿಡದೆ ಕೇಳಿದಳು.

"ಬದಲಿ ಹೊರೋರನ್ನ ಇಟ್ರಾಯ್ತು" ಎಂದು ಸಾಹೇಬರು ಅಷ್ಟೇ ಸಲೀಸಾಗಿ ಹೇಳಿ, ಪಲ್ಲಕ್ಕಿಯಲ್ಲಿ ಕೂತು, ಮೆಟ್ಟಿಲಿಳಿದು ಹೋದರು. ಅವರನ್ನು ಬೀಳ್ಕೊಡಲು ಮೇಷ್ಟರುಗಳೆಲ್ಲ ಕೆಳಗಿಳಿದರು. ಮೇಲೆ ಉಳಿದವರು ಇಳಿಯಲಾರದವರು ಮಾತ್ರ.

ಜೀಪು ಹೊರಟ ಸದ್ದು ಕೇಳಿತು. ಇನ್‌ಚಾರ್ಜ್ ಮೇಷ್ಟರು ನಿಟ್ಟುಸಿರು ಬಿಟ್ಟು, "ಪಲ್ಲಕ್ಕಿ ತರ್ರೋ. ನನ್ನನ್ನ ಆಸ್ಪತ್ರೆಗಾದ್ರೂ ಕರ್ಕೊಂಡು ಹೋಗಿ" ಎಂದು ಕೂಗಿದರು.

ದೊಡ್ಡ ಕಂಬ ಬರಿಗೈಯಲ್ಲಿ ಮೇಲೆ ಬಂತು. "ಪಲ್ಲಕ್ಕಿ ಜೀಪಲ್ಲಿ ಹೋಯ್ತು ಸಾರ್."

"ಏನಂದೆ?"

"ಮೇಲಿನೋರಿಗೆ ತೋರಿಸೋಕೆ ಮಾದರಿ ಬೇಕು ಅಂದ್ರು. ಅವರ ಮನೇನೂ ಮಹಡಿ ಮೇಲಂತೆ. ಕಾಲು ವಾಸಿಯಾದ್ಮೇಲೆ ಕಳಿಸ್ತಾರಂತೆ."

ಇನ್‌ಚಾರ್ಜ್ ಮೇಷ್ಟರು ಕಿಟಕಿಗೆ ಮುಖವೊಡ್ಡಿ, ಅಂಗಳದಲ್ಲಿದ್ದ ಮರಗೆಲಸದ ಮೇಷ್ಟರನ್ನು ಕೂಗಿದರು. "ರೀ, ಇನ್ನೊಂದು ಕುರ್ಚಿ ಈಗಿಂದೀಗಲೇ ಮಾಡ್ರೀ!"

"ಮಾಡಬಹುದು ಸಾರ್" ಎಂದು ಉತ್ತರ ಬಂತು. "ಮರ ಮಂಜೂರಾಗ್ಬೇಕು. ನೀವೊಂದು ಅರ್ಜಿ ಹಾಕ್ಬೇಕು."

ಇನ್‌ಚಾರ್ಜ್ ಮೇಷ್ಟರು ಅಣ್ಣನ ಮಗಳ ಮುಖ ನೋಡಲಾರದೆ ತಲೆ ತಗ್ಗಿಸಿದರು. "ನನ್ನಿಂದ ಆಗಲಿಲ್ಲಮ್ಮ. ಹೋಗಲಿ, ನಾಳೆಯಿಂದ ನೀನು ಬರಬೇಡ."

"ಬರೋದು ಬಿಡೋದು ಆಮೇಲೆ ಚಿಕ್ಕಪ್ಪಾ. ಮೊದಲು ಇವತ್ತು ಇಳಿಯೋದನ್ನ ಯೋಚಿಸೋಣ. ಅಂದಹಾಗೆ, ಎರಡು ಕಪ್ ಟೀ ಕುಡಿದ್ರಲ್ಲ ನೀವು?"

"ಹೌದು. ಯಾಕೆ?"

"ಇಲ್ಲಿ ನಾವ್ಯಾರೂ ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ಲೋಟ ನೀರೂ ಕುಡಿಯಲ್ಲ. ಶೌಚಾಲಯ ಕೆಳಗಡೆ ಇರೋದು."

ಇನ್‌ಚಾರ್ಜ್ ಮೇಷ್ಟರು ಹೊಲಿಗೆ ಯಂತ್ರಗಳ ಮುಂದೆ ಕೂತ ಹುಡುಗಿಯರನ್ನು ಒಬ್ಬೊಬ್ಬರಾಗಿ ನೋಡಿದರು. ಇಷ್ಟು ವರ್ಷ ಬರೆದ ಅಷ್ಟೂ ಅರ್ಜಿಗಳಲ್ಲಿ ಈ ಮಾತನ್ನು ಅವರು ಒಂದು ಸಲವೂ ಬರೆದಿರಲಿಲ್ಲ, ಯಾಕೆಂದರೆ ಅವರಿಗೆ ಗೊತ್ತೇ ಇರಲಿಲ್ಲ. ಈಗ ಚೆನ್ನಾಗಿಯೇ ಗೊತ್ತಾಗತೊಡಗಿತ್ತು. ಕಾಲ ಮೇಲೆ ಕಾಲು ಹಾಕಿಕೊಂಡು ಬಿಗಿಯಾಗಿ ಕೂರೋಣವೆಂದರೆ ಒಂದು ಕಾಲು ಎತ್ತಲೂ ಬರುತ್ತಿರಲಿಲ್ಲ.

"ಸಂಜೆಗೆ ಇನ್ನೆಷ್ಟು ಹೊತ್ತಮ್ಮಾ?" ಎಂದು ಅವರು ಕ್ಷೀಣ ದನಿಯಲ್ಲಿ ಕೇಳಿದರು.

"ಈಗಿನ್ನೂ ಮಧ್ಯಾಹ್ನದ ಗಂಟೆಯೇ ಹೊಡೆದಿಲ್ಲ ಚಿಕ್ಕಪ್ಪಾ" ಎಂದು ಅವಳು ಕತ್ತರಿ ಕೈಗೆತ್ತಿಕೊಂಡು ಬಟ್ಟೆಯ ಮೇಲೆ ಬಗ್ಗಿದಳು.